ಎರಡು ದಿನ ನಮ್ಮದೇ



ಹೋದ ಸಲ ಉಪ್ಪಿನಕಾಯಿ ಜಾಡಿಗಳ ವಿಷಯ ಬರೆದಿದ್ದೆ. ಈ ಸಲ ಅಡುಗೆಮನೆ ಬಾಗಿಲು ಮುಂದೆಳೆದುಕೊಂಡು ಸ್ವಲ್ಪ ಹೊರಗೆ ಹೋಗಿ ಬರೋಣ, ಬನ್ನಿ.

ಮೊದಲು ಒಂದು ಪ್ರಶ್ನೆ. ಮದುವೆ, ಮುಂಜಿ, ಸೀಮಂತ, ಬಾಣಂತನ, ತಿಥಿ ಇವನ್ನೆಲ್ಲ ಬಿಟ್ಟು, ಬರೀ ನಿಮಗೋಸ್ಕರ ಅಂತ ಎರಡು ದಿನ ಮನೆಯಿಂದ ಹೊರಗೆ ಹೋದದ್ದು ಯಾವಾಗ? ಬೆರಳು ಮಡಚಿ ಎಣಿಸಿ ನೋಡಿ. ನಾನೂ ಎಣಿಸಲು ಕೂತೆ. ನಲವತ್ತಾರು ವರ್ಷದಲ್ಲಿ ಒಂದು ಬೆರಳೂ ಮಡಚಲು ಆಗಲಿಲ್ಲ!

ಹೋದ ಮಾರ್ಗಶಿರದಲ್ಲಿ ಆ ಯೋಗ ಕೂಡಿ ಬಂತು. ಎಸ್ಸೆಸ್ಸೆಲ್ಸಿವರೆಗೆ ಒಂದೇ ಬೆಂಚಿನಲ್ಲಿ ಕೂತ ನಾವು ನಾಲ್ವರು ಗೆಳತಿಯರು. ಅವರಲ್ಲೊಬ್ಬಳು ಅರಸೀಕೆರೆಯ ಹತ್ತಿರ ತೋಟದ ಮನೆಯವಳು. ಅವಳ ಯಜಮಾನರು, ಮಗ ಇಬ್ಬರೂ ಮಾಲೆ ಹಾಕಿ ಶಬರಿಮಲೆಗೆ ಹೊರಟಿದ್ದರು. “ಮನೆ ಖಾಲಿ ಇದೆ ಕಣ್ರೇ, ಗುರುವಾರ ಸಂಜೆ ಬನ್ನಿ, ಶನಿವಾರ ರಾತ್ರಿ ಹೋಗಿ” ಎಂದು ಫೋನು ಮಾಡಿದಳು. ನಮ್ಮ ಯಜಮಾನರು “ಎರಡು ದಿನ ತಾನೇ, ಹೋಗಿ ಬಾ” ಅಂದರು. ಅಷ್ಟು ಸುಲಭವಾಗಿ ಅಂದದ್ದಕ್ಕೆ ನನಗೇ ಸ್ವಲ್ಪ ಬೇಜಾರಾಯಿತು ಅನ್ನಿ! ಹಾಲು ಎಷ್ಟು ಹಾಕಿಸಿಕೊಳ್ಳಬೇಕು, ಅತ್ತೆಯವರ ಮಾತ್ರೆ ಯಾವ ಹೊತ್ತಿಗೆ, ನೀರಿನ ಮೋಟಾರು ಯಾವಾಗ ಆರಿಸಬೇಕು ಎಂದೆಲ್ಲ ಕ್ಯಾಲೆಂಡರಿನ ಹಿಂದೆ ಬರೆದಿಟ್ಟು ಹೊರಟೆ.

ಅರಸೀಕೆರೆ ನಿಮಗೆ ಗೊತ್ತೇ ಇದೆ. ಹುಬ್ಬಳ್ಳಿ ಕಡೆಯ ರೈಲು, ಹಾಸನ–ಮೈಸೂರು ಕಡೆಯ ರೈಲು ಎರಡೂ ಸೇರುವ ಜಂಕ್ಷನ್. ನಮ್ಮಲ್ಲಿ ಎಷ್ಟೋ ಜನ ಆ ಪ್ಲಾಟ್‌ಫಾರಮ್ಮಿನಲ್ಲಿ ಗಾಡಿ ಬದಲಾಯಿಸಿದ್ದೇವೆಯೇ ಹೊರತು ಊರೊಳಗೆ ಕಾಲಿಟ್ಟಿಲ್ಲ. ಹೊಯ್ಸಳರ ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ‘ಅರಸಿಯ ಕೆರೆ’ ಎಂಬ ಹೆಸರು ಬಂತಂತೆ. ಈಗ ಸುತ್ತಮುತ್ತ ಎಲ್ಲಿ ನೋಡಿದರೂ ತೆಂಗು, ಮನೆ ಮನೆಯ ಅಟ್ಟದಲ್ಲಿ ಕೊಬ್ಬರಿ.

ಶುಕ್ರವಾರ ಬೆಳಿಗ್ಗೆ ಎಣ್ಣೆನೀರು. ಸ್ವಂತ ಕೈಯಿಂದ ಆತುರಾತುರವಾಗಿ ನೆತ್ತಿಗೆ ಎರಡು ತೊಟ್ಟು ಸವರಿಕೊಳ್ಳುವ ಎಣ್ಣೆನೀರಲ್ಲ. ಹಂಡೆಯ ಕೆಳಗೆ ತೆಂಗಿನ ಮಟ್ಟೆ, ಕರಟ ಉರಿಯುತ್ತಿತ್ತು. ನೆತ್ತಿಗೆ ಹರಳೆಣ್ಣೆ, ಮೈಗೆ ಬೆಚ್ಚಗೆ ಮಾಡಿದ ಕೊಬ್ಬರಿ ಎಣ್ಣೆ. ಒಬ್ಬರಿಗೊಬ್ಬರು ಬೆನ್ನು, ಮೊಣಕಾಲು, ಒಡೆದ ಹಿಮ್ಮಡಿ ಎಲ್ಲಾ ತಿಕ್ಕಿಕೊಂಡು ಒಂದು ಗಂಟೆ ಸುಮ್ಮನೆ ಕೂತೆವು. ಆಮೇಲೆ ಸೀಗೆಪುಡಿ, ಕಡಲೆಹಿಟ್ಟು. ಕೂದಲಿಗೆ ಸಾಂಬ್ರಾಣಿ ಹೊಗೆ. ಬಿಸಿ ಬಿಸಿ ಮೆಣಸಿನ ಸಾರು. ನನ್ನ ತಾಯಿ ತೀರಿಕೊಂಡ ಮೇಲೆ ನನ್ನ ತಲೆಗೆ ಇನ್ನೊಬ್ಬರು ಎಣ್ಣೆ ಒತ್ತಿದ್ದು ಅದೇ ಮೊದಲು. ಕಣ್ಣಲ್ಲಿ ನೀರು ಬಂತು, ಸೀಗೆಪುಡಿಯ ಮೇಲೆ ಹಾಕಿ ಸುಮ್ಮನಾದೆ.

ನಮ್ಮ ನಾಲ್ಕನೆಯವಳು ಮಾತ್ರ ಎಣ್ಣೆನೀರಿಗೆ ಬರಲಿಲ್ಲ. “ನನಗೆ ಬೇಡ ಕಣ್ರೇ, ಹೊರಗೆ ಕೂತಿದ್ದೀನಿ” ಅಂದಳು. ಜಗಲಿಯ ಮೂಲೆಯಲ್ಲಿ ಸೆರಗಿನ ಗಂಟಿನಿಂದ ಏನೋ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ನೋಡಿದರೆ ಹಸಿ ಅಕ್ಕಿ! “ಚಿಕ್ಕ ಮಗುವೇನೇ ನೀನು?” ಎಂದು ನಕ್ಕೆವು. ಹದಿನೈದು ದಿನದ ಹಿಂದೆ ಒಂದು ಮದುವೆಮನೆಯಲ್ಲೂ ಅವಳು “ಹೊರಗೆ ಕೂತಿದ್ದೀನಿ” ಎಂದೇ ಅರಿಶಿನ ಕುಂಕುಮಕ್ಕೆ ಬಂದಿರಲಿಲ್ಲ. ಅದು ನನಗೆ ನೆನಪಿತ್ತು. ನೆನಪಿದ್ದೂ ಕೇಳಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂಬುದು ಮುಂದೆ ತಿಳಿಯುತ್ತದೆ.

ಊಟದ ಮಾತಿಗೆ ಬರುತ್ತೇನೆ. ಅವರೆಕಾಯಿಯ ಕಾಲ. ನಾಲ್ವರೂ ಕೂತು ಕಾಳು ಹಿತಕಿದೆವು. ಹಿತಕಿದ ಬೇಳೆ ಸಾರು, ಅಕ್ಕಿರೊಟ್ಟಿ, ಹುಚ್ಚೆಳ್ಳಿನ ಚಟ್ನಿ. ರಾತ್ರಿಗೆ ಒತ್ತು ಶ್ಯಾವಿಗೆ, ಕಾಯಿಹಾಲು. ಅದನ್ನು ಮಾಡುವ ರೀತಿ ಇಷ್ಟೇ:

ಎರಡು ಲೋಟ ಅಕ್ಕಿಯನ್ನು ನಾಲ್ಕೈದು ಗಂಟೆ ನೆನೆಸಿ, ನುಣ್ಣಗೆ ರುಬ್ಬಿ. ದೋಸೆ ಹಿಟ್ಟಿಗಿಂತ ತೆಳ್ಳಗಿರಲಿ. ದಪ್ಪ ತಳದ ಪಾತ್ರೆಯಲ್ಲಿ ಉಪ್ಪು, ಒಂದು ಚಮಚ ಎಣ್ಣೆ ಹಾಕಿ, ಗಂಟಾಗದಂತೆ ಕೈಬಿಡದೆ ತಿರುವಿ ಮುದ್ದೆಯಾಗುವ ತನಕ ಬೇಯಿಸಿ. ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿ, ಇಡ್ಲಿ ಪಾತ್ರೆಯಲ್ಲಿ ಇಪ್ಪತ್ತು ನಿಮಿಷ ಆವಿಯಲ್ಲಿಡಿ. ಬಿಸಿ ಇರುವಾಗಲೇ ಒತ್ತಬೇಕು, ಆರಿದರೆ ಒರಳು ಜಗ್ಗುವುದಿಲ್ಲ. ಕಾಯಿಹಾಲಿಗೆ ಒಂದು ದೊಡ್ಡ ಬಲಿತ ಕಾಯಿ ತುರಿದು, ನೆನೆಸಿದ ಒಂದು ಚಮಚ ಗಸಗಸೆ, ಎರಡು ಏಲಕ್ಕಿ ಸೇರಿಸಿ ರುಬ್ಬಿ, ಗಟ್ಟಿ ಹಾಲು ಹಿಂಡಿ ಬೇರೆ ಇಡಿ. ಎರಡನೇ ಸಲದ ತೆಳು ಹಾಲಿಗೆ ಮುಕ್ಕಾಲು ಲೋಟ ಬೆಲ್ಲ ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ, ಸೋಸಿ. ಗಟ್ಟಿ ಹಾಲನ್ನು ಒಲೆಯಿಂದ ಇಳಿಸಿ, ಬಿಸಿ ತಗ್ಗಿದ ಮೇಲೆ ಬೆರೆಸಿ. ಕುದಿಸಿದರೆ ಒಡೆದು ಹೋಗುತ್ತದೆ.

ಸಂಜೆ ಊರೊಳಗಿನ ಶಿವಾಲಯಕ್ಕೆ ಹೋದೆವು. 1220ರ ಸುಮಾರಿಗೆ ಕಟ್ಟಿದ ಈ ದೇವಸ್ಥಾನದ ಮುಂದಿನ ಮಂಟಪ ನಕ್ಷತ್ರದ ಆಕಾರದ್ದು, ಮೇಲೆ ಗುಮ್ಮಟದಂಥ ಚಾವಣಿ. ಬೇಲೂರು ಹಳೇಬೀಡಿನ ಜನಸಂದಣಿ ಇಲ್ಲಿಲ್ಲ, ನೆಮ್ಮದಿಯಾಗಿ ಕೂರಬಹುದು. ನಾಲ್ಕನೆಯವಳು ದೂರದ ಮರದ ಕೆಳಗೇ ಉಳಿದಳು.

ಶನಿವಾರ ಬೆಳಿಗ್ಗೆ ಜಾವಗಲ್ ಮೇಲೆ ಹೋಗುವ ಬಸ್ಸಿನಲ್ಲಿ ಹಳೇಬೀಡು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ಟಿನ ಹಣ ಇಲ್ಲವಲ್ಲ, ಖರ್ಚು ಬರೀ ಎಳನೀರಿನದ್ದು. ಹಳೇಬೀಡು ಹೊಯ್ಸಳರ ರಾಜಧಾನಿ ದ್ವಾರಸಮುದ್ರ. 1311ರಲ್ಲಿ ಮಲಿಕ್ ಕಾಫರನ ದಂಡು ಬಂದದ್ದು ಇಲ್ಲಿಗೇ. ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಕೆಳಸಾಲಿನಲ್ಲಿ ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಮತ್ತೂ ಮೇಲೆ ರಾಮಾಯಣ ಮಹಾಭಾರತದ ಕಥೆಗಳು. ಮಕ್ಕಳಿಗೆ ಕಥೆ ಹೇಳಲು ಪುಸ್ತಕವೇ ಬೇಡ. ಹತ್ತಿರದ ಪಾರ್ಶ್ವನಾಥ ಬಸದಿಯನ್ನೂ ತಪ್ಪಿಸಬೇಡಿ. ಅಲ್ಲಿನ ಕಂಬಗಳು ಎಷ್ಟು ನಯವೆಂದರೆ ನಮ್ಮ ನೆರಳು ಅದರಲ್ಲಿ ಕಾಣುತ್ತದೆ.

ಬಸದಿಗೆ ನಡೆಯುವ ದಾರಿ ದೂರವೇನಲ್ಲ. ಆದರೆ ನಾಲ್ಕನೆಯವಳು ಅರ್ಧಕ್ಕೇ ಕುಕ್ಕರಿಸಿದಳು. ಏದುಸಿರು. ತುಟಿ ಬಿಳಿಚಿಕೊಂಡಿತ್ತು. “ನಿನ್ನೆ ನಿದ್ದೆ ಇಲ್ಲ, ಅದಕ್ಕೇ” ಅಂದಳು. ಎಳನೀರು ಕುಡಿಸಿ, ಕೈಹಿಡಿದು ಬಸ್ಸು ಹತ್ತಿಸಿದೆವು.

ಬೇಲೂರು ಅಲ್ಲಿಂದ ಸುಮಾರು 16 ಕಿಲೋಮೀಟರ್. ವಿಷ್ಣುವರ್ಧನ 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದ. ಪಕ್ಕದ ಕಪ್ಪೆ ಚೆನ್ನಿಗರಾಯನ ಗುಡಿ ರಾಣಿ ಶಾಂತಲೆ ಕಟ್ಟಿಸಿದ್ದು. ಇಲ್ಲಿ ಈಗಲೂ ನಿತ್ಯಪೂಜೆ ಇದೆ. ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನಾವು ಸಣ್ಣವರಿದ್ದಾಗ ಶಾಲೆಯ ಪ್ರವಾಸದಲ್ಲಿ ಸಾಲಾಗಿ ನಿಂತು ನೋಡಿದ್ದ ಗುಡಿಗಳೇ.

ನಾಲ್ಕನೆಯವಳು “ನೀವು ಒಳಗೆ ಹೋಗಿ ಬನ್ನಿ” ಎಂದು ಅಂಗಳದಲ್ಲೇ ನಿಂತಳು. ಅವಳೊಬ್ಬಳನ್ನೇ ಬಿಡಲು ಮನಸ್ಸಾಗದೆ ನಾನೂ ನಿಂತೆ. “ಮದನಿಕೆಯರೆಲ್ಲ ಹೊರಗೇ ಇದ್ದಾರಲ್ಲೇ, ಇಲ್ಲಿಂದಲೇ ನೋಡೋಣ” ಅಂದೆ. ಬಳಪದ ಕಲ್ಲಿನಲ್ಲಿ ಕಡೆದ ಹೆಣ್ಣುಗಳು. ಒಬ್ಬಳು ಕುಣಿಯುತ್ತಾಳೆ, ಒಬ್ಬಳ ಸೀರೆಯನ್ನು ಕೋತಿ ಎಳೆಯುತ್ತದೆ. ನಾವು ದರ್ಪಣ ಸುಂದರಿಯ ಕೆಳಗೆ ನಿಂತೆವು. ಕೈಯಲ್ಲಿ ಕನ್ನಡಿ ಹಿಡಿದು ತನ್ನ ಮುಖವನ್ನು ತಾನೇ ನೋಡಿಕೊಳ್ಳುತ್ತಾ ಒಂಬೈನೂರು ವರ್ಷದಿಂದ ನಿಂತಿದ್ದಾಳೆ ಪುಣ್ಯಾತ್ಗಿತ್ತಿ. ಯಾರೂ ಅವಳನ್ನು “ಸಾಕು, ಒಲೆ ಮೇಲೆ ಹಾಲಿದೆ ನೋಡು” ಎಂದು ಕರೆದಿಲ್ಲ.

ನಾಲ್ಕನೆಯವಳು ತಲೆ ಎತ್ತಿ ನೋಡುತ್ತಲೇ ಹೇಳಿದಳು: “ನಾನು ದೇವಸ್ಥಾನದ ಒಳಗೆ ಹೋಗಿ ಹನ್ನೊಂದು ತಿಂಗಳಾಯ್ತು ಕಣೇ.”

ಸೋದರಿಯರೇ, ಆಗ ನನಗೆ ಹೊಳೆಯಿತು. ತಿಂಗಳಲ್ಲಿ ಹನ್ನೆರಡು ಹದಿನೈದು ದಿನ ಸ್ರಾವ. ಗೆಡ್ಡೆ ಗೆಡ್ಡೆಯಾಗಿ ರಕ್ತ. ರಾತ್ರಿ ಎರಡು ಸಲ ಎದ್ದು ಬಟ್ಟೆ ಬದಲಾಯಿಸುವುದು. ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುವುದು. “ಈ ವಯಸ್ಸಿಗೆ ಎಲ್ಲರಿಗೂ ಹೀಗೇ, ನಿಲ್ಲುವ ಮುಂಚೆ ಹೀಗಾಗುತ್ತೆ” ಎಂದು ಮನೆಯಲ್ಲಿ ಯಾರೋ ಹಿರಿಯರು ಅಂದಿದ್ದರಂತೆ. ಮಗಳ ಪರೀಕ್ಷೆ, ಮಾವನವರ ಕಣ್ಣಿನ ಆಪರೇಷನ್ನು, ಒಂದಲ್ಲ ಒಂದು. ತನ್ನ ಸರದಿ ಬರಲೇ ಇಲ್ಲ. ನನ್ನ ಕೈಚೀಲದಲ್ಲಿ ಸಣ್ಣ ಕನ್ನಡಿಯಿತ್ತು. ಅವಳ ಕೈಗೆ ಕೊಟ್ಟು ಕೆಳರೆಪ್ಪೆ ಎಳೆದು ನೋಡಿಕೋ ಅಂದೆ. ಕೆಂಪಗಿರಬೇಕಾದ ಜಾಗ ಸುಣ್ಣ ಬಳಿದ ಹಾಗಿತ್ತು.

ಸೋಮವಾರ ನಾವೇ ಇಬ್ಬರು ಅವಳನ್ನು ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಹಿಮೋಗ್ಲೋಬಿನ್ 7.2! ಸ್ಕ್ಯಾನಿಂಗಿನಲ್ಲಿ ಗರ್ಭಕೋಶದಲ್ಲಿ ಸಣ್ಣ ಗೆಡ್ಡೆ ಕಂಡಿತು. ದೇವರು ದೊಡ್ಡವನು, ಕ್ಯಾನ್ಸರ್ ಅಲ್ಲ. ಹಸಿ ಅಕ್ಕಿ ತಿನ್ನುವ ಚಪಲವೂ ರಕ್ತ ಕಡಿಮೆಯಾದದ್ದರ ಲಕ್ಷಣವೇ ಎಂದರು ಡಾಕ್ಟರು. ನಾವು ನಕ್ಕಿದ್ದೆವಲ್ಲ, ಆ ನಗು ನೆನಪಾಗಿ ನನ್ನ ಮುಖ ಸಣ್ಣಗಾಯಿತು. ಸ್ರಾವಕ್ಕೆ ಔಷಧಿ, ಕಬ್ಬಿಣಾಂಶದ ಇಂಜೆಕ್ಷನ್ನು, ಆಮೇಲೆ ಮಾತ್ರೆ. ಹೋದ ವಾರ 10.8ಕ್ಕೆ ಬಂದಿದೆ. “ನನ್ನ ವಿಷಯ ಬರೆಯೇ, ಇನ್ನೊಬ್ಬಳಿಗಾದರೂ ಉಪಯೋಗವಾಗಲಿ” ಎಂದು ಅವಳೇ ಹೇಳಿದ್ದರಿಂದ ಬರೆಯುತ್ತಿದ್ದೇನೆ.

ಡಾಕ್ಟರು ಹೇಳಿದ್ದನ್ನು ನಿಮಗೂ ಹೇಳಿಬಿಡುತ್ತೇನೆ. ಹೆಂಗಸರಿಗೆ ಹಿಮೋಗ್ಲೋಬಿನ್ 12 ಇರಬೇಕು, 8ಕ್ಕಿಂತ ಇಳಿದರೆ ಅಪಾಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ. ಅಂದರೆ ನಾಲ್ವರು ಗೆಳತಿಯರು ಕೂತರೆ ಇಬ್ಬರಿಗೆ ಇದ್ದರೂ ಇರಬಹುದು. ಮುಟ್ಟು ಏಳು ದಿನ ಮೀರಿದರೆ, ಗಂಟೆ ಎರಡು ಗಂಟೆಗೊಮ್ಮೆ ಬಟ್ಟೆ ಅಥವಾ ಪ್ಯಾಡು ಬದಲಾಯಿಸಬೇಕಾದರೆ, ದೊಡ್ಡ ಗೆಡ್ಡೆಗಳು ಬಿದ್ದರೆ, ಇಪ್ಪತ್ತೊಂದು ದಿನದೊಳಗೇ ಮತ್ತೆ ಬಂದರೆ “ವಯಸ್ಸಿನದು” ಎಂದು ಕೂರಬೇಡಿ, ತೋರಿಸಿ. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ಕಂಡರೂ ತೋರಿಸಲೇಬೇಕು.

ಕಬ್ಬಿಣದ ಮಾತ್ರೆಯನ್ನು ಕಾಫಿ, ಟೀ ಜೊತೆ ನುಂಗಬೇಡಿ, ಒಂದೆರಡು ಗಂಟೆ ಅಂತರವಿರಲಿ. ನಿಂಬೆಹಣ್ಣಿನ ಪಾನಕದ ಜೊತೆ ತೆಗೆದುಕೊಂಡರೆ ಮೈಗೆ ಚೆನ್ನಾಗಿ ಹತ್ತುತ್ತದೆ. ಮಲ ಕಪ್ಪಗಾದರೆ ಗಾಬರಿ ಬೇಡ. ಸೊಪ್ಪು, ಕಾಳು, ನೆಲ್ಲಿಕಾಯಿ ದಿನಾ ತಿನ್ನಿ, ಒಳ್ಳೆಯದು. ಆದರೆ ಬೀಟ್‌ರೂಟ್ ಪಲ್ಯ ಒಂದರಿಂದಲೇ 7 ಇದ್ದದ್ದು 12 ಆಗುವುದಿಲ್ಲ, ತಿಳಿದಿರಲಿ.

ಪ್ರವಾಸಕ್ಕೆ ಹೋಗುವವರಿಗೆ ಎರಡು ಮಾತು. ಎರಡೂ ಕಡೆ ಚಪ್ಪಲಿ ಬಿಡಬೇಕು, ಮಧ್ಯಾಹ್ನ ಕಲ್ಲು ಕಾದಿರುತ್ತದೆ, ಹಳೇ ಕಾಲುಚೀಲ ಒಯ್ಯಿರಿ. ಬಸ್ಸಿಗೆ ಗುರುತಿನ ಚೀಟಿ ಮರೆಯಬೇಡಿ. ಶೌಚಾಲಯದ ಭಯಕ್ಕೆ ನೀರು ಕುಡಿಯದೆ ಇರಬೇಡಿ.

ಅಂದ ಹಾಗೆ, ನಮ್ಮ ಮನೆ? ಅನ್ನ ಸ್ವಲ್ಪ ಮುದ್ದೆಯಾಗಿತ್ತಂತೆ. ಮೋಟಾರು ಆರಿಸಲು ಮರೆತು ಟ್ಯಾಂಕು ತುಂಬಿ ಅಂಗಳವೆಲ್ಲ ನೀರು. ಅತ್ತೆಯವರ ಮಾತ್ರೆ ಮಾತ್ರ ಹೊತ್ತಿಗೆ ಸರಿಯಾಗಿ ಕೊಟ್ಟಿದ್ದರು. ಮನೆ ಮುಳುಗಲಿಲ್ಲ ನೋಡಿ!

ಈ ಪತ್ರಿಕೆ ಮಡಚಿಟ್ಟ ಮೇಲೆ ಬೆಳಕಿಗೆ ಹೋಗಿ ಕನ್ನಡಿ ಹಿಡಿದು ಕೆಳರೆಪ್ಪೆ ಒಮ್ಮೆ ಎಳೆದು ನೋಡಿಕೊಳ್ಳಿ. ಕೆಂಪಗಿದ್ದರೆ ಸಂತೋಷ, ಬಿಳಿಚಿದ್ದರೆ ನಾಳೆಯೇ ರಕ್ತ ಪರೀಕ್ಷೆ ಮಾಡಿಸಿ. ಕೆಂಪಗಿದ್ದೂ ಸುಸ್ತು, ಏದುಸಿರು ಇದ್ದರೆ ಆಗಲೂ ಮಾಡಿಸಿ. ಮತ್ತೆ, ನಿಮ್ಮ ಗೆಳತಿ ಯಾರಾದರೂ ಎರಡು ಸಲ “ಹೊರಗೆ ಕೂತಿದ್ದೀನಿ” ಅಂದರೆ ನಗಬೇಡಿ. ಪಕ್ಕದಲ್ಲಿ ಕೂತು ಕೇಳಿ.

ಮುಂದಿನ ಸಲ ಹಪ್ಪಳ ಸಂಡಿಗೆಯ ಜೊತೆ ಸಿಗೋಣ.