ಸೂರ್ಯನ ನಾಡಿ ಹಿಡಿಯುವ ವಿಜ್ಞಾನ: ಆದಿತ್ಯ-ಎಲ್1 ಇದ್ದರೂ ಉದಯಪುರದ ದೂರದರ್ಶಕ ಏಕೆ ಬೇಕು?

2024ರ ಮೇ 10-11ರಂದು ಭೂಮಿಗೆ ಅಪ್ಪಳಿಸಿದ್ದು ಎರಡು ದಶಕಗಳಲ್ಲೇ ಅತ್ಯಂತ ಪ್ರಬಲ ಸೌರ ಬಿರುಗಾಳಿ. ಲಡಾಖ್‌ನ ಹಾನ್ಲೆಯ ಆಗಸವೂ ಕೆಂಪೇರಿತ್ತು. 2022ರ ಫೆಬ್ರವರಿಯಲ್ಲಿ ಇದಕ್ಕಿಂತ ತೀರಾ ಸಣ್ಣ ಬಿರುಗಾಳಿಯೊಂದು ಆಗಷ್ಟೇ ಉಡಾವಣೆಯಾಗಿದ್ದ ಸುಮಾರು 40 ಸ್ಟಾರ್‌ಲಿಂಕ್ ಉಪಗ್ರಹಗಳನ್ನು ಬಲಿ ಪಡೆದಿತ್ತು. ಇಂತಹ ಅಪಾಯವನ್ನು ಮೊದಲೇ ತಿಳಿಯಲು ಸಾಧ್ಯವೇ?

2024ರ ಜನವರಿ 6ರಂದು ಎಲ್1 ಕಕ್ಷೆ ಸೇರಿದ ಆದಿತ್ಯ-ಎಲ್1 ಈ ನಿಟ್ಟಿನಲ್ಲಿ ದೊಡ್ಡ ಹೆಜ್ಜೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ (ಐಐಎ) ನಿರ್ಮಿಸಿದ ಅದರ ಪ್ರಮುಖ ಉಪಕರಣ ನೋಡುವುದು ಸೂರ್ಯನ ಹೊರ ವಾತಾವರಣವಾದ ಕರೋನಾವನ್ನು. ಆದರೆ ಬಿರುಗಾಳಿಗೆ ಮೂಲವಾದ ಕಾಂತಕ್ಷೇತ್ರ ಹುಟ್ಟುವುದು ಸೂರ್ಯನ ಒಡಲೊಳಗೆ. ಅಲ್ಲಿಗೆ ಯಾವ ದೂರದರ್ಶಕದ ನೋಟವೂ ತಲುಪದು.

ಶಬ್ದವೇ ದಾರಿ

ಒಳಗಿನ ಸುದ್ದಿ ತರುವುದು ಶಬ್ದದ ಅಲೆಗಳು. ಕುದಿಯುವ ಅನಿಲದಿಂದ ಹುಟ್ಟುವ ಈ ಅಲೆಗಳಿಂದಾಗಿ ಸೂರ್ಯನ ಮೇಲ್ಮೈ ಸುಮಾರು ಐದು ನಿಮಿಷಕ್ಕೊಮ್ಮೆ ಏರಿಳಿಯುತ್ತದೆ. 1960ರ ದಶಕದ ಆರಂಭದಲ್ಲಿ ರಾಬರ್ಟ್ ಲೇಟನ್ ಇದನ್ನು ಗುರುತಿಸಿದರು. ಅನಿಲ ಹರಿಯುವ ದಿಕ್ಕಿನಲ್ಲಿ ಸಾಗುವ ಅಲೆ ಬೇಗ ತಲುಪುತ್ತದೆ, ಎದುರು ಸಾಗುವ ಅಲೆ ತಡವಾಗುತ್ತದೆ. ಈ ವ್ಯತ್ಯಾಸದಿಂದಲೇ ಒಳಗಿನ ಹರಿವಿನ ವೇಗ ಲೆಕ್ಕಕ್ಕೆ ಸಿಗುತ್ತದೆ.

ಮೇಲ್ಮೈಯಲ್ಲಿ ಅನಿಲ ಸಮಭಾಜಕದಿಂದ ಧ್ರುವಗಳತ್ತ ಹರಿಯುತ್ತದೆ. ಅದು ಎಷ್ಟು ಆಳದಲ್ಲಿ ಹಿಂತಿರುಗುತ್ತದೆ ಎಂಬುದು 11 ವರ್ಷಗಳ ಸೌರಚಕ್ರವನ್ನು ಅರಿಯಲು ಮುಖ್ಯ. ಐಐಎಯ ಎಸ್.ಪಿ. ರಾಜಗುರು ಮತ್ತು ಟಿಐಎಫ್‌ಆರ್‌ನ ಎಚ್.ಎಂ. ಅಂತಿಯಾ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೇಂದ್ರದಿಂದ ಅಳೆದರೆ ಸೂರ್ಯನ ತ್ರಿಜ್ಯದ 0.77 ಭಾಗಕ್ಕಿಂತ ಕೆಳಗೆ.

ಬಗೆಹರಿಯದ ಒಗಟು

ಎಲ್ಲವೂ ಸಲೀಸಲ್ಲ. ಶ್ರವಣ್ ಹನಸೋಗೆ, ಥಾಮಸ್ ಡುವಾಲ್ ಮತ್ತು ಬೆಂಗಳೂರಿನ ಐಐಎಸ್‌ಸಿಯಲ್ಲಿ ಓದಿದ ಕಾಟೇಪಲ್ಲಿ ಶ್ರೀನಿವಾಸನ್ 2012ರಲ್ಲಿ, ಒಳಗಿನ ದೊಡ್ಡ ಪ್ರಮಾಣದ ಕುದಿತ ಸಿದ್ಧಾಂತ ಹೇಳುವುದಕ್ಕಿಂತ ಬಹಳ ದುರ್ಬಲ ಎಂದು ತೋರಿಸಿದರು. ನಂತರದ ಅಳತೆಗಳು ಬೇರೆ ಉತ್ತರ ಕೊಟ್ಟಿದ್ದು, ಚರ್ಚೆ ಮುಂದುವರಿದಿದೆ.

ಆದರೂ ನೇರ ಪ್ರಯೋಜನವೊಂದು ಈಗಾಗಲೇ ಕೈಗೆ ಬಂದಿದೆ. ಸೂರ್ಯನ ಆಚೆ ಬದಿಯ ದೊಡ್ಡ ಕಲೆಗಳು ಭೂಮಿಯತ್ತ ತಿರುಗುವ ಮೊದಲೇ ಈ ಅಲೆಗಳಿಂದ ಪತ್ತೆಯಾಗುತ್ತವೆ.

ಇದಕ್ಕೆ ಬೇಕಿರುವುದು ಎಡೆಬಿಡದ ವೀಕ್ಷಣೆ. ಉದಯಪುರವೂ ಸೇರಿದಂತೆ ಜಗತ್ತಿನ ಆರು ಕಡೆ ಇರುವ 'ಗಾಂಗ್' ಜಾಲ 1995ರಿಂದ ಸರದಿಯಂತೆ ಸೂರ್ಯನನ್ನು ಕಾಯುತ್ತಿದೆ. ಒಂದು ಕೇಂದ್ರ ನಿಂತರೂ ದಾಖಲೆಯಲ್ಲಿ ಬಿರುಕು ಬೀಳುತ್ತದೆ, ಕಳೆದ ಗಂಟೆಗಳನ್ನು ಮತ್ತೆ ಅಳೆಯಲಾಗದು. ಹೊಸ ನೌಕೆಗೆ ಸಿಗುವ ಚಪ್ಪಾಳೆಯ ನಡುವೆ, ಮೂರು ದಶಕ ದಾಟುತ್ತಿರುವ ಈ ಕಾವಲನ್ನು ಉಳಿಸಿ ನವೀಕರಿಸುವುದು ಅಷ್ಟೇ ತುರ್ತು.