‘ನಂಗೆ ಈಜು ಬರಲ್ಲ’ ಅಂತ ಕೈ ಎತ್ತೋಣ

ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ 22 ಸೆಕೆಂಡಿನ ಒಂದು ವಿಡಿಯೊ ಇದೆ. ಯಾರೂ ಅದನ್ನ ಸ್ಟೇಟಸ್‌ಗೆ ಹಾಕಿಲ್ಲ, ಡಿಲೀಟ್ ಮಾಡೋಕೂ ಮನಸ್ಸು ಬಂದಿಲ್ಲ. ನೀಲಿ ನೀರು, ಹಿಂದೆ ನೇತ್ರಾಣಿ ದ್ವೀಪದ ಬಂಡೆ, ನೀರಲ್ಲಿ ನಮ್ಮಿಬ್ಬರು ಗೆಳೆಯರು ಒಬ್ಬರನ್ನೊಬ್ಬರು ತಬ್ಬಿಕೊಂಡು ಒದ್ದಾಡ್ತಿದ್ದಾರೆ. ಬೋಟಿನ ಮೇಲಿದ್ದ ನಾವು ಬಿದ್ದು ಬಿದ್ದು ನಗ್ತಿದ್ದೀವಿ. ‘ಲೇ, ಕುಸ್ತಿ ನೋಡ್ರೋ’ ಅನ್ನೋ ದನಿಯೂ ಕೇಳಿಸುತ್ತೆ. ಅವರು ಆಗ ಮುಳುಗ್ತಿದ್ರು.

ಇಬ್ಬರೂ ಬದುಕಿದ್ದಾರೆ. ಒಬ್ಬ ಈ ಲೇಖನದ ಮೊದಲ ಕರಡು ಓದಿ ‘ಹೆಸರು ಹಾಕ್ಬೇಡ್ರಪ್ಪಾ, ಬ್ರಾಂಚ್ ಮಾತ್ರ ಹಾಕಿ’ ಅಂದ. ಹಾಗೇ ಮಾಡಿದ್ದೇವೆ. ನಡೆದದ್ದನ್ನು ಇಲ್ಲಿ ಬರೆಯೋಕೆ ಒಂದೇ ಕಾರಣ: ರಜೆ ಬಂತು ಅಂದ್ರೆ ನಮ್ಮ ಕ್ಯಾಂಪಸ್ಸಿನಿಂದ ಮುರುಡೇಶ್ವರ, ಮಲ್ಪೆ, ಗೋಕರ್ಣ ಅಂತ ಹೊರಡೋರು ಪ್ರತಿ ವರ್ಷ ಇರ್ತಾರೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಾವು ಹೇಳಿದ ಅದೇ ಸುಳ್ಳನ್ನು ಹೇಳ್ತಾರೆ ಅನ್ನೋ ಅನುಮಾನ ನಮಗಿದೆ.

ನೇತ್ರಾಣಿ ಗೊತ್ತಿಲ್ಲದವರಿಗೆ ಎರಡು ಮಾತು. ಮುರುಡೇಶ್ವರದ ತೀರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ, ಅರಬ್ಬಿ ಸಮುದ್ರದ ನಡುವೆ ಇರುವ ಪುಟ್ಟ ದ್ವೀಪ. ಮೇಲಿಂದ ನೋಡಿದರೆ ಹೃದಯದ ಆಕಾರ. ಸುತ್ತ ಹವಳ, ಅದರ ನಡುವೆ ಬಣ್ಣಬಣ್ಣದ ಮೀನು. ಮಳೆಗಾಲದಲ್ಲಿ ಸಮುದ್ರ ಬಿಡಲ್ಲ, ಆಮೇಲೆ ಬೇಸಿಗೆಯವರೆಗೆ ಬೋಟುಗಳು ಹೋಗುತ್ತವೆ. ಒಂದು ಬೋಟನ್ನು ಪೂರ್ತಿ ಬುಕ್ ಮಾಡೋ ದುಡ್ಡು ವಿದ್ಯಾರ್ಥಿಗಳ ಹತ್ತಿರ ಎಲ್ಲಿರುತ್ತೆ? ಹಾಗಾಗಿ ಶೇರಿಂಗ್. ಪರಿಚಯವಿಲ್ಲದ ಹತ್ತಾರು ಜನರ ಜೊತೆ ಕೂತು ಹೋಗೋದು, ಬೋಟು ದ್ವೀಪದ ಪಕ್ಕ ಲಂಗರು ಹಾಕಿದಾಗ ಸರದಿ ಪ್ರಕಾರ ನೀರಿಗಿಳಿಯೋದು, ವಾಪಸ್ ಏಣಿ ಹತ್ತೋದು.

ನಾವು ಏಳು ಜನ. ಬೆಳಿಗ್ಗೆ ತೀರದಲ್ಲಿ ಫಾರ್ಮ್ ಕೊಟ್ಟರು. ಹೆಸರು, ವಯಸ್ಸು, ಆಸ್ತಮಾ ಇದೆಯಾ, ಈಜು ಬರುತ್ತಾ. ಏಳರಲ್ಲಿ ಆರು ಜನ ‘ಹೌದು’ ಅಂತ ಬರೆದೆವು. ನಿಜವಾಗಿ ಈಜು ಬರುತ್ತಿದ್ದದ್ದು ಇಬ್ಬರಿಗೆ. ಮಿಕ್ಕವರ ಕಥೆ ಹೀಗೆ: ಒಬ್ಬ ಹೈಸ್ಕೂಲಿನಲ್ಲಿದ್ದಾಗ ಅಜ್ಜಿ ಊರಿನ ಕೆರೇಲಿ ಟ್ಯೂಬ್ ಹಾಕ್ಕೊಂಡು ತೇಲಿದ್ದ. ಇನ್ನೊಬ್ಬ ರೆಸಾರ್ಟಿನ ನಾಲ್ಕು ಅಡಿ ನೀರಲ್ಲಿ ಕಾಲೂರಿಕೊಂಡು ಕೈ ಬಡಿದಿದ್ದ. ಮತ್ತಿಬ್ಬರಿಗೆ ಅಷ್ಟೂ ಇಲ್ಲ, ಪಕ್ಕದವನು ‘ಹೌದು’ ಅಂತ ಬರೆದದ್ದನ್ನು ನೋಡಿ ಬರೆದರು. ವೈವಾದಲ್ಲಿ ‘ಅರ್ಥ ಆಯ್ತಾ?’ ಅಂದ್ರೆ ತಲೆ ಆಡಿಸ್ತೀವಲ್ಲ, ಹಾಗೆ.

ಬೋಟು ಹೊರಟ ಮೇಲೆ ಅಣ್ಣನೊಬ್ಬ ಇನ್ನೊಂದು ಸಲ ಕೇಳಿದ: ‘ಈಜು ಬರದವರು ಕೈ ಎತ್ತಿ. ನಾಚಿಕೆ ಮಾಡ್ಕೊಬೇಡಿ, ನಮಗೆ ಗೊತ್ತಿದ್ರೆ ಒಳ್ಳೇದು.’ ಎರಡೇ ಕೈ ಮೇಲೆದ್ದವು. ಒಂದು ನಮ್ಮ ಗುಂಪಿನ ಐಎಸ್ ಹುಡುಗಿಯದು. ಇನ್ನೊಂದು ದಾವಣಗೆರೆ ಕಡೆಯಿಂದ ಮಗಳು ಅಳಿಯನ ಜೊತೆ ಬಂದಿದ್ದ, ಐವತ್ತು ದಾಟಿದ ಅಮ್ಮನದು. ಚೂಡಿದಾರದ ಮೇಲೆ ಲೈಫ್ ಜಾಕೆಟ್ ಕಟ್ಟಿಕೊಂಡು, ‘ನಂಗೆ ಏನೂ ಬರಲ್ಲಪ್ಪಾ, ಮೀನು ನೋಡ್ಬೇಕು ಅಷ್ಟೇ’ ಅಂದರು. ಎಲ್ಲರೂ ನಕ್ಕರು, ನಾವೂ ನಕ್ಕೆವು.

ಮೊದಲ ಜಾಗದಲ್ಲಿ ಬೋಟು ನಿಂತಾಗ ಮೊದಲು ಹಾರಿದ್ದು ನಾವು. ಬರಲ್ಲ ಅಂದವರನ್ನು ಒಬ್ಬೊಬ್ಬರಾಗಿ ರಿಂಗ್ ಹಿಡಿಸಿ ಕರ್ಕೊಂಡು ಹೋಗಬೇಕು, ಅದಕ್ಕೆ ಸಮಯ ಬೇಕು. ಬರುತ್ತೆ ಅಂದವರು ಮುಂಚೆ ಇಳೀಲಿ ಅಂತ ಏರ್ಪಾಟು. ಐಎಸ್ ಹುಡುಗಿ ರಿಂಗ್ ಹಿಡಿದು ಒಂದು ಸುತ್ತು ಹೋಗಿಬಂದಳು. ಅಮ್ಮನ ಸರದಿ ಎರಡನೇ ಜಾಗದಲ್ಲಿ ಅಂತಾಯಿತು. ‘ಆಗಲಿ, ಹುಡುಗ್ರು ಮೊದಲು ಆಡ್ಲಿ’ ಅಂದರು.

ನಮ್ಮ ಮೆಕ್ಯಾನಿಕಲ್‌ನವನು ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ ಅಂತ ಜಾಕೆಟ್ಟಿನ ಕೆಳಗಿನ ಬಕಲ್ ಸಡಿಲ ಮಾಡಿದ್ದ. ಪಕ್ಕದಿಂದ ಒಂದು ಅಲೆ ಬಂತು, ದೊಡ್ಡದೇನಲ್ಲ. ಸ್ನಾರ್ಕೆಲ್ ಕೊಳವೆಯೊಳಗೆ ನೀರು ಹೋಯಿತು, ಬಾಯಿಗೆ ಉಪ್ಪು ಬಂತು, ಜಾಕೆಟ್ ಕಿವಿಯವರೆಗೆ ಜಾರಿತು. ಗಾಬರಿಯಲ್ಲಿ ಕೈಗೆ ಸಿಕ್ಕಿದ್ದನ್ನು ಹಿಡಿದ. ಸಿಕ್ಕಿದ್ದು ಸಿವಿಲ್‌ನವನ ಹೆಗಲು. ಅವನೂ ‘ಹೌದು’ ಅಂತ ಬರೆದ ಕೆರೆ-ಟ್ಯೂಬ್ ಗಿರಾಕಿ. ಮುಂದಿನದ್ದು ವಿಡಿಯೊದಲ್ಲಿದೆ. ನಾವು ನಗುತ್ತಿರುವಾಗಲೇ ಆ ಅಣ್ಣ ನೀರಿಗೆ ಹಾರಿ, ರಿಂಗ್ ತಳ್ಳಿ, ಇಬ್ಬರನ್ನೂ ಬಿಡಿಸಿ ಏಣಿಗೆ ತಂದ.

ಆಮೇಲೆ ಕೂತು ಲೆಕ್ಕ ಹಾಕಿದೆವು, ಎಂಜಿನಿಯರಿಂಗ್ ಓದೋರಲ್ವಾ. ನೀರಲ್ಲಿ ಮುಳುಗಿದ ದೇಹದ ಭಾರದ ಬಹುಪಾಲನ್ನು ನೀರೇ ಹೊರುತ್ತೆ. ಸಾಮಾನ್ಯವಾಗಿ ದೊಡ್ಡವರೊಬ್ಬರ ತಲೆ ನೀರಿನ ಮೇಲೆ ಉಳಿಯೋಕೆ ಹೆಚ್ಚುವರಿಯಾಗಿ ಬೇಕಾಗೋದು ಸುಮಾರು 3ರಿಂದ 5.5 ಕೆಜಿಯಷ್ಟು ಮೇಲ್ಮುಖ ಬಲ. 100 ನ್ಯೂಟನ್ ದರ್ಜೆಯ ಲೈಫ್ ಜಾಕೆಟ್ ಸುಮಾರು 10 ಕೆಜಿಯಷ್ಟು ಎತ್ತಿ ಹಿಡಿಯುತ್ತೆ. ಅಂದ್ರೆ ಒಬ್ಬರಿಗೆ ಧಾರಾಳ. ಆದ್ರೆ ಆ ಬಲ ಎದೆಗೆ ತಾಗಬೇಕು. ಬಕಲ್ ಸಡಿಲ ಇದ್ರೆ ಜಾಕೆಟ್ ತಾನು ತೇಲುತ್ತೆ, ಒಳಗಿನ ಮನುಷ್ಯ ಕೆಳಗೆ ಜಾರುತ್ತಾನೆ. ಇನ್ನೊಬ್ಬ ನಮ್ಮ ಹೆಗಲ ಮೇಲೆ ಏರಿದಾಗ ಅವನ ತಲೆ, ಎರಡು ಕೈ, ಹೆಗಲು ನೀರಿನಿಂದ ಹೊರಗೆ ಬರುತ್ತವೆ. ನೀರು ಹೊರುತ್ತಿದ್ದ ಆ ಭಾರ ಈಗ ನಮ್ಮ ಮೇಲೆ. 70 ಕೆಜಿಯವನದ್ದಾದರೆ ಅದು 10 ಕೆಜಿಯನ್ನು ಸುಲಭವಾಗಿ ದಾಟುತ್ತೆ. ಒಬ್ಬನ ಜಾಕೆಟ್ ಇಬ್ಬರ ಸುಳ್ಳನ್ನು ಹೊರೋಕಾಗಲ್ಲ.

ನಾವು ಯಾಕೆ ನಗ್ತಾ ನಿಂತ್ವಿ ಅನ್ನೋದಕ್ಕೂ ಕಾರಣ ಸಿಕ್ಕಿತು. ಮುಳುಗೋರು ಸಿನಿಮಾದಲ್ಲಿ ತೋರಿಸೋ ಹಾಗೆ ‘ಕಾಪಾಡಿ’ ಅಂತ ಕೂಗಲ್ಲ. ಅಮೆರಿಕದ ಜೀವರಕ್ಷಕ ಫ್ರಾಂಕ್ ಪಿಯಾ ಇದನ್ನು ವರ್ಷಗಟ್ಟಲೆ ಗಮನಿಸಿ ವಿವರಿಸಿದ್ದಾರೆ: ಉಸಿರಿಗೇ ಪರದಾಡುವವನಿಗೆ ಕೂಗೋಕೆ ಉಸಿರಿರಲ್ಲ. ಕೈ ಬೀಸೋಕೂ ಆಗಲ್ಲ, ಕೈಗಳು ತಾವಾಗೇ ನೀರನ್ನು ಕೆಳಗೆ ಒತ್ತುತ್ತವೆ. ಇಷ್ಟೆಲ್ಲ ಆಗೋದು 20ರಿಂದ 60 ಸೆಕೆಂಡಿನೊಳಗೆ. ನಮ್ಮ ವಿಡಿಯೊ 22 ಸೆಕೆಂಡು.

ಇಲ್ಲಿಗೆ ಮುಗಿದಿದ್ದರೆ ಇದು ಏಳು ಜನರ ಕಥೆಯಾಗಿ ಉಳಿಯುತ್ತಿತ್ತು. ಮೆಕ್‌ನವನು ನೀರು ಕುಡಿದಿದ್ದ, ಕೆಮ್ಮು ನಿಲ್ಲುತ್ತಿರಲಿಲ್ಲ. ನೀರು ಶ್ವಾಸಕೋಶಕ್ಕೆ ಹೋಗಿದ್ದರೆ ತೊಂದರೆ ಕೆಲವು ಗಂಟೆ ಕಳೆದು ಕಾಣಿಸಬಹುದು, ಡಾಕ್ಟರ್ ನೋಡಲೇಬೇಕು ಅಂತ ಬೋಟಿನವರು ಹೇಳಿದರು. ಎರಡನೇ ಜಾಗ ರದ್ದು. ಬೋಟು ತೀರಕ್ಕೆ ತಿರುಗಿತು. ಅಷ್ಟೊತ್ತಿಗೆ ಗಾಳಿಯೂ ಎದ್ದಿತ್ತು, ಅವತ್ತು ಮತ್ತೆ ಹೋಗೋ ಮಾತೇ ಇರಲಿಲ್ಲ. ದಾವಣಗೆರೆಯ ಅಮ್ಮ ಮೀನು ನೋಡಲೇ ಇಲ್ಲ. ನಮ್ಮಷ್ಟೇ ದುಡ್ಡು ಕೊಟ್ಟಿದ್ದರು. ಇಡೀ ಬೋಟಿನಲ್ಲಿ ನಿಜ ಹೇಳಿದ ಇಬ್ಬರಲ್ಲಿ ಅವರೊಬ್ಬರು. ವಾಪಸ್ ಬರುವಾಗ ತಮ್ಮ ಬಾಟಲಿ ತೆಗೆದು ಅವನ ಕೈಗೆ ಕೊಟ್ಟು, ‘ಈಗ ಆರಾಮಾ ಮಗಾ? ಸ್ವಲ್ಪ ಸ್ವಲ್ಪ ಕುಡಿ’ ಅಂದರು. ಬೈದಿದ್ದರೆ ವಾಸಿಯಿತ್ತು.

ನಮ್ಮ ವಾದ ಇಷ್ಟೇ. ಈಜು ಬರುತ್ತೋ ಇಲ್ಲವೋ ಅನ್ನೋದು ಶೇರಿಂಗ್ ಬೋಟಿನಲ್ಲಿ ನಮ್ಮ ವೈಯಕ್ತಿಕ ವಿಷಯ ಅಲ್ಲ. ಶೇರ್ ಆಗೋದು ಬಾಡಿಗೆ ಮಾತ್ರ ಅಲ್ಲ. ನೀರಲ್ಲಿ ಕಣ್ಣಿಟ್ಟು ನೋಡುವ ಒಬ್ಬಿಬ್ಬರ ಗಮನ, ಹಗಲಿನ ಸಮಯ, ದೋಣಿಯ ಸಮತೋಲ ಎಲ್ಲವೂ ಶೇರ್ ಆಗುತ್ತವೆ. ನಾವು ‘ಹೌದು’ ಅಂತ ಬರೆದಾಗ ಆ ಗಮನವನ್ನು ತಪ್ಪು ಜಾಗಕ್ಕೆ ಕಳಿಸಿದೆವು. ಆ ಅಣ್ಣ ರಿಂಗ್ ಹಿಡಿದು ಐಎಸ್ ಹುಡುಗಿಯ ಹತ್ತಿರ ಇದ್ದದ್ದು ಅವಳು ನಿಜ ಹೇಳಿದ್ದಕ್ಕೆ. ನಮ್ಮ ಹತ್ತಿರ ಯಾರೂ ಇಲ್ಲದಿದ್ದದ್ದು ನಾವು ಸುಳ್ಳು ಹೇಳಿದ್ದಕ್ಕೆ.

ಬೋಟಿನಲ್ಲಿ ಕೆಲವರ ನಡೆ ಎಲ್ಲರ ತಲೆ ಮೇಲೆ ಬರೋದು ಹೊಸದಲ್ಲ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ಪ್ರವಾಸಿ ದೋಣಿ ಮಗುಚಿ 45 ಜನ ತೀರಿಕೊಂಡರು. ಪ್ರಾಣಿ ನೋಡೋಕೆ ಜನ ಒಂದೇ ಕಡೆಗೆ ಸರಿದದ್ದು ಅದರ ಕಾರಣಗಳಲ್ಲೊಂದು. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಮೆಟಾಸೆಂಟರ್ ಚಿತ್ರ ಬರೆದು ಅಂಕ ತಗೊಳ್ಳೋ ನಾವೇ ಡಾಲ್ಫಿನ್ ಕಂಡಿತು ಅಂದ್ರೆ ಬೋಟಿನ ಒಂದೇ ಬದಿಗೆ ಓಡ್ತೀವಿ. 1998ರ ಜನವರಿಯಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ಗೆ ಹೋಗಿದ್ದ ಡೈವಿಂಗ್ ಬೋಟೊಂದು ತಲೆ ಎಣಿಕೆ ತಪ್ಪಿ ಅಮೆರಿಕದ ದಂಪತಿಯನ್ನು ಸಮುದ್ರದಲ್ಲೇ ಬಿಟ್ಟು ವಾಪಸಾಯಿತು. ಗೊತ್ತಾಗೋ ಹೊತ್ತಿಗೆ ಎರಡು ದಿನ ಕಳೆದಿತ್ತು, ಅವರು ಮತ್ತೆ ಸಿಗಲೇ ಇಲ್ಲ. ಬೋಟಿನಲ್ಲಿ ‘ಎಣಿಸ್ತೀವಿ, ಕೂತ್ಕೊಳ್ಳಿ’ ಅಂದಾಗ ನಾವು ಸೆಲ್ಫಿಗೆ ಎದ್ದು ಓಡಾಡಿದರೆ ಯಾವ ಲೆಕ್ಕ ಕೆಡುತ್ತೆ ಅನ್ನೋದು ನೆನಪಿರಲಿ.

ನಮ್ಮ ಕರಾವಳಿಯ ಸುದ್ದಿಗಳೂ ದೂರದವಲ್ಲ. 2022ರ ಏಪ್ರಿಲ್‌ನಲ್ಲಿ ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಲ್ಲಿ ಕೇರಳದಿಂದ ಬಂದಿದ್ದ ಮೂವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು ನೀರುಪಾಲಾದರು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲತೀರದಲ್ಲಿ, ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ನೀರಲ್ಲಿ ಮುಳುಗಿ ಸತ್ತವರು ಸುಮಾರು 3 ಲಕ್ಷ. ಪ್ರತಿ ಸಲ ಇಂಥದ್ದು ನಡೆದಾಗ ಬೀಚಿಗೆ ಹಗ್ಗ ಕಟ್ಟುತ್ತಾರೆ, ಟ್ರಿಪ್ ಬೇಡ ಅಂತ ಸುತ್ತೋಲೆ ಬರುತ್ತೆ. ನಾವು ‘ಛೇ’ ಅಂದು ಸ್ಕ್ರೋಲ್ ಮಾಡ್ತೀವಿ.

‘ಇಷ್ಟು ಹೆದರಿದ್ರೆ ಹೋಗೋದೇ ಬೇಡ ಬಿಡಿ’ ಅಂತ ಕೆಲವರು ಹೇಳಬಹುದು. ಅದನ್ನು ನಾವು ಒಪ್ಪಲ್ಲ. ಅವತ್ತು ನಮ್ಮ ಏಳು ಜನರಲ್ಲಿ ಹವಳವನ್ನು ಸರಿಯಾಗಿ ನೋಡಿ ಬಂದವಳು ಕೈ ಎತ್ತಿದ ಹುಡುಗಿ ಒಬ್ಬಳೇ. ರಿಂಗ್ ಹಿಡಿದು, ಮುಖ ನೀರಲ್ಲಿಟ್ಟು, ನಿಧಾನಕ್ಕೆ ಉಸಿರಾಡ್ತಾ ಗಿಳಿಮೀನು ನೋಡಿದಳು. ನಾವು ನೋಡಿದ್ದು ಒಬ್ಬರನ್ನೊಬ್ಬರು. ಈಜು ಬರದವರಿಗೆ ಸಮುದ್ರ ಬೇಡ ಅಂತ ಯಾರೂ ಹೇಳಿಲ್ಲ, ಬರಲ್ಲ ಅಂತ ಹೇಳಿ ಇಳೀರಿ ಅಂದರು ಅಷ್ಟೇ.

‘ಲೈಫ್ ಜಾಕೆಟ್ ಇದ್ಯಲ್ಲ, ಇನ್ನೇನು?’ ಅನ್ನೋರಿಗೆ ಮೇಲಿನ ಲೆಕ್ಕವೇ ಉತ್ತರ. ಜಾಕೆಟ್ ತೇಲಿಸುತ್ತೆ, ಗಾಬರಿ ಕಡಿಮೆ ಮಾಡಲ್ಲ. ಗಾಬರಿ ಕಡಿಮೆ ಆಗೋದು ಮೊದಲೇ ನೀರಿನ ಪರಿಚಯ ಇದ್ರೆ, ಇಲ್ಲ ಪಕ್ಕದಲ್ಲಿ ಗೊತ್ತಿರೋರು ಇದ್ರೆ.

ಹುಡುಗರಿಗೆ ಇನ್ನೊಂದು ಮಾತು, ನಮಗೇ ಹೇಳಿಕೊಳ್ಳೋದು. ಬೋಟಿನಲ್ಲಿ ಕೈ ಎತ್ತಿದವರು ಇಬ್ಬರೂ ಹೆಂಗಸರು. ಈಜು ಬರದ ಗಂಡಸರು ಇರಲಿಲ್ಲ ಅಂತಲ್ಲ. ‘ನಂಗೆ ಬರಲ್ಲ’ ಅನ್ನೋ ಎರಡು ಪದಕ್ಕೆ ನಾವು ಅಷ್ಟು ಬೆಲೆ ಕಟ್ಟಿಬಿಟ್ಟಿದ್ದೀವಿ. ಲ್ಯಾಬಿನಲ್ಲಿ ಬರಲ್ಲ ಅಂದ್ರೆ ಅಂಕ ಹೋಗುತ್ತೆ, ಇಂಟರ್‌ವ್ಯೂನಲ್ಲಿ ಬರಲ್ಲ ಅಂದ್ರೆ ಕೆಲಸ ಹೋಗುತ್ತೆ. ನಾಲ್ಕು ವರ್ಷ ಈ ಪಾಠ ಕಲಿತು ಅದನ್ನೇ ಸಮುದ್ರದ ಹತ್ತಿರ ಒಪ್ಪಿಸಿದೆವು. ಸಮುದ್ರ ಇಂಟರ್ನಲ್ಸ್ ಅಲ್ಲ, ಅಡ್ಜಸ್ಟ್ ಮಾಡಿ ಪಾಸ್ ಮಾಡಲ್ಲ.

ಹಾಗಾಗಿ ಮುಂದಿನ ರಜೆಗೆ ಹೊರಡೋರಿಗೆ ನಮ್ಮ ಕೋರಿಕೆ. ಫಾರ್ಮಿನಲ್ಲಿ ನಿಜ ಬರೀರಿ. ಕಾಲು ನೆಲಕ್ಕೆ ಸಿಗದ ನೀರಲ್ಲಿ ಯಾರ ಸಹಾಯವೂ ಇಲ್ಲದೆ ಐದು ನಿಮಿಷ ಇರೋಕಾಗುತ್ತಾ? ಆಗಲ್ಲ ಅಂದ್ರೆ ಉತ್ತರ ‘ಇಲ್ಲ’. ಜಾಕೆಟ್ ಹಾಕಿದ ಮೇಲೆ ಗೆಳೆಯನಿಗೆ ಹೇಳಿ ಹೆಗಲ ಹತ್ತಿರ ಹಿಡಿದು ಮೇಲಕ್ಕೆ ಎಳೆಸಿ. ಗಲ್ಲ ದಾಟಿ ಬಂದ್ರೆ ಬಿಗಿ ಮಾಡಿ. ಇಬ್ಬಿಬ್ಬರು ಜೋಡಿಯಾಗಿ ಇಳೀರಿ, ಇಬ್ಬರೂ ಈಜು ಬರದವರಾಗೋದು ಬೇಡ. ಮೇಲೆ ನಿಂತು ವಿಡಿಯೊ ಮಾಡೋರು ಸ್ಕ್ರೀನ್ ನೋಡೋದಕ್ಕಿಂತ ಮುಖ ನೋಡಿ. ಬಾಯಿ ನೀರಿನ ಮಟ್ಟದಲ್ಲಿದ್ದು ದನಿ ಬರ್ತಿಲ್ಲ ಅಂದ್ರೆ ಕೂಗಿ ಕರೀರಿ, ನೀವೇ ಹಾರಬೇಡಿ.

ಕಾಲೇಜಿಗೂ ಒಂದು ಮನವಿ. ಎನ್ಎಸ್ಎಸ್, ಪಿಇ, ಯೋಗ ಅಂತ ಕಡ್ಡಾಯ ಕೋರ್ಸು ಇದ್ದೇ ಇದೆ. ಅದರಲ್ಲಿ ಈಜನ್ನೂ ಒಂದು ಆಯ್ಕೆಯಾಗಿ ಕೊಡಬಹುದಲ್ವಾ? ಊರಿನ ಯಾವುದಾದರೂ ಈಜುಕೊಳದ ಜೊತೆ ಮಾತಾಡಿಕೊಂಡು, ಹುಡುಗಿಯರಿಗೆ ಬೇರೆ ಸಮಯ ಇಟ್ಟು, ಒಂದು ಸೆಮಿಸ್ಟರ್ ಕಲಿಸಿದರೂ ಸಾಕು. ಟ್ರಿಪ್ ಬೇಡ ಅನ್ನೋ ಸುತ್ತೋಲೆಯನ್ನು ನಾವು ಪಾಲಿಸಲ್ಲ, ಅದು ಕಾಲೇಜಿಗೂ ಗೊತ್ತು. ಕಲಿಸಿ ಕಳಿಸೋದು ಹೆಚ್ಚು ಉಪಯೋಗ.

ನಾವಂತೂ ಶುರು ಮಾಡಿದ್ದೇವೆ. ಏಳರಲ್ಲಿ ನಾಲ್ವರು ಈಗ ಬೆಳಿಗ್ಗೆ ಆರಕ್ಕೆ ಕೊಳಕ್ಕೆ ಹೋಗ್ತೀವಿ. ಪಕ್ಕದಲ್ಲಿ ಎಂಟು ವರ್ಷದ ಮಕ್ಕಳು ಮೀನಿನ ಹಾಗೆ ದಾಟಿ ಹೋಗ್ತಾರೆ, ನಾವು ಗೋಡೆ ಹಿಡಿದು ಕಾಲು ಬಡೀತೀವಿ. ಮೊದಲ ದಿನ ಕೋಚ್ ಸಾಲಾಗಿ ನಿಲ್ಲಿಸಿ ‘ಯಾರಿಗೆ ಈಜು ಬರಲ್ಲ?’ ಅಂದರು. ಮೆಕ್ ಮತ್ತು ಸಿವಿಲ್ ಒಟ್ಟಿಗೆ ಕೈ ಎತ್ತಿದರು, ಎಲ್ಲರಿಗಿಂತ ಮೊದಲು.