ಕೆರೆಯಂಚಿನ ಹಸಿರು

ಕರ್ನಾಟಕದ ಕೆರೆಗಳಲ್ಲಿ ಬಹುಪಾಲು ಮಾನವನಿರ್ಮಿತವಾದವು. ಮಳೆಯ ನೀರು ಹರಿದುಬರುವ ತಗ್ಗಿಗೆ ಅಡ್ಡಲಾಗಿ ಏರಿಯನ್ನು ಕಟ್ಟಿ, ತೂಬನ್ನೂ ಕೋಡಿಯನ್ನೂ ಅಳವಡಿಸಿ, ಹಿಂದಿನವರು ಬೇಸಾಯಕ್ಕಾಗಿ ನೀರನ್ನು ಹಿಡಿದಿಟ್ಟರು. ಏರಿಯನ್ನು ಕಟ್ಟಿದವನು ಮನುಷ್ಯನಾದರೂ ಅಂಚಿನ ಹಸಿರನ್ನು ಬೆಳೆಸಿದ್ದು ನಿಸರ್ಗ. ಗಾಳಿ, ನೀರು, ಹಕ್ಕಿಗಳು ತಂದ ಬೀಜಗಳು ಅಲ್ಲಿ ಬೇರೂರಿದವು.

ಕೆರೆಯ ಸಸ್ಯಗಳು ನೀರಿನ ಆಳಕ್ಕೆ ತಕ್ಕಂತೆ ನೆಲೆಗೊಳ್ಳುತ್ತವೆ. ನೀರು ಏರಿ ಇಳಿಯುವ ಒದ್ದೆನೆಲದಲ್ಲಿ ಒಂದೆಲಗ, ಹೊನಗೊನ್ನೆಗಳು ಹಬ್ಬುತ್ತವೆ. ಮೊಣಕಾಲುದ್ದದ ನೀರಿನಲ್ಲಿ ಆಪು, ಜೊಂಡುಗಳು ಎದ್ದು ನಿಲ್ಲುತ್ತವೆ. ಇನ್ನೂ ಒಳಗೆ ತಾವರೆ, ನೈದಿಲೆಗಳು ಕೆಸರಿನಲ್ಲಿ ಬೇರುಬಿಟ್ಟು ಎಲೆಗಳನ್ನು ನೀರಿನ ಮೇಲೆ ಹರಡುತ್ತವೆ. ಜೊಂಡಿನ ಬುಡವು ಮೀನುಮರಿಗಳಿಗೆ ಆಸರೆ. ಅದರ ಮರೆಯು ನೀರುಕೋಳಿಗಳಿಗೆ ಗೂಡು ಕಟ್ಟುವ ತಾಣ. ಬೇರುಗಳ ಹೆಣಿಗೆಯು ದಡದ ಮಣ್ಣನ್ನು ಹಿಡಿದಿಡುತ್ತದೆ; ಹರಿದುಬರುವ ಹೂಳನ್ನು ತಡೆಯುತ್ತದೆ; ಹೊಲಗಳಿಂದ ಕೊಚ್ಚಿಬಂದ ಗೊಬ್ಬರದ ಅಂಶವನ್ನು ಹೀರಿಕೊಳ್ಳುತ್ತದೆ.

ವಿಜಯನಗರ ಜಿಲ್ಲೆಯ ಅಂಕಸಮುದ್ರವು ನೀರಾವರಿಗಾಗಿ ಕಟ್ಟಿದ ಕೆರೆ. ಅದರ ನೀರಿನಲ್ಲಿ ನಿಂತ ಜಾಲಿಮರಗಳು ಇಂದು ಸಾವಿರಾರು ಹಕ್ಕಿಗಳಿಗೆ ಆಶ್ರಯವಾಗಿವೆ. 2024ರಲ್ಲಿ ಈ ಕೆರೆಯೂ ಗದಗ ಜಿಲ್ಲೆಯ ಮಾಗಡಿ ಕೆರೆಯೂ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿದವು. ಮನುಷ್ಯ ಕಟ್ಟಿದ ಕೆರೆಯೂ ಜೀವಸಂಕುಲದ ನೆಲೆಯಾಗಬಲ್ಲದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹೀಗಿದ್ದರೂ ಕೆರೆಯನ್ನು ಅಂದಗೊಳಿಸುವ ನೆಪದಲ್ಲಿ ಕೆಲವೆಡೆ ದಡವನ್ನೆಲ್ಲ ಕಡಿದಾಗಿ ಅಗೆದು, ಕಲ್ಲು ಹೊದಿಸಿ, ಗಿಡಗಳನ್ನು ಕಿತ್ತೆಸೆಯಲಾಗುತ್ತಿದೆ. ಏರಿಯ ಒಳಮೈಗೆ ಕಲ್ಲಿನ ಹೊದಿಕೆ ಅಗತ್ಯ. ಅದು ಅಲೆಗಳ ಹೊಡೆತದಿಂದ ಏರಿಯನ್ನು ಕಾಪಾಡುತ್ತದೆ. ಆದರೆ ಏರಿಗೆ ಸಲ್ಲುವ ಕಲ್ಲು ಉಳಿದ ಅಂಚಿಗೆ ಸಲ್ಲದು. ಇಳಿಜಾರಿಲ್ಲದ ದಡದಲ್ಲಿ ಜೊಂಡು ಬೇರೂರದು. ಜೊಂಡಿಲ್ಲದೆಡೆ ಮೀನುಮರಿಗೂ ಹಕ್ಕಿಗೂ ಮರೆಯಿಲ್ಲ.

ಗಿಡಗಳನ್ನು ಬಿಟ್ಟರೆ ಕೆರೆಯೇ ಮುಚ್ಚಿಹೋಗುವುದೆಂದು ಕೆಲವರು ವಾದಿಸುತ್ತಾರೆ. ಈ ಆತಂಕದಲ್ಲಿ ಸತ್ಯಾಂಶವಿಲ್ಲದಿಲ್ಲ. ದಕ್ಷಿಣ ಅಮೆರಿಕದಿಂದ ಬಂದ ಊದಾ ಹೂವಿನ ತೇಲುಕಳೆಯು ಕೊಳಚೆ ಸೇರಿದ ಕೆರೆಗಳಲ್ಲಿ ದಟ್ಟವಾಗಿ ಹಬ್ಬಿ, ನೀರಿಗೆ ಬೆಳಕು ಇಳಿಯದಂತೆ ಮಾಡುತ್ತದೆ. ಅದನ್ನು ತೆಗೆಯಲೇಬೇಕು, ಕೊಳಚೆಯನ್ನೂ ತಡೆಯಬೇಕು. ಇಲ್ಲವಾದರೆ ತೆಗೆದ ಕಳೆ ಮತ್ತೆ ಬೆಳೆಯುತ್ತದೆ. ಜೊಂಡಿನ ಮಾತು ಬೇರೆ. ಅದು ಹದಮೀರಿದಾಗ ಕೊಯ್ದರೆ ಸಾಕು, ಬೇರುಸಹಿತ ಅಳಿಸಬೇಕಾಗಿಲ್ಲ. ಚಾಪೆ ಹೆಣೆಯುವವರು ಆಪನ್ನು ಕೊಯ್ಯುವಾಗ ಅವರ ಜೀವನವೂ ಸಾಗುತ್ತದೆ, ಕೆರೆಯೂ ಹದದಲ್ಲಿರುತ್ತದೆ.

ಆದ್ದರಿಂದ ಕೆರೆಯ ಹೂಳೆತ್ತುವಾಗ ನೀರು ಒಳಬರುವ ಕಡೆಯ ಇಳಿಜಾರು ದಡವನ್ನಾದರೂ ಸಸ್ಯಗಳಿಗೆ ಬಿಡುವುದು ವಿವೇಕ. ನೀರನ್ನಷ್ಟೇ ಉಳಿಸಿದರೆ ಒಂದು ದೊಡ್ಡ ತೊಟ್ಟಿ ಉಳಿದೀತು. ಅಂಚಿನ ಹಸಿರನ್ನೂ ಉಳಿಸಿದರೆ ಕೆರೆ ಉಳಿಯುತ್ತದೆ.